ಮೇಡಂ ತೋಟದ ಮಣ್ಣಿನ ಬಳೆ

ಹಳ್ಳದ ನೀರು ಇಳಿದ ಮೇಲೆ ಉಳಿಯುವ ಕೆಸರಿಗೆ ಅದರದ್ದೇ ಒಂದು ವಾಸನೆಯಿದೆ. ಗೆಣಸನ್ನು ಆಗತಾನೆ ಕಿತ್ತಾಗ ಬರುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದು. ಹೋದ ವಾರ ಮಳೆ ನಿಂತ ಮಾರನೆಯ ಬೆಳಿಗ್ಗೆ ಎಮ್ಮೆಗೆ ಹುಲ್ಲು ಕೊಯ್ಯಲು ಬೇಲಿಯ ಪಕ್ಕ ಕೂತಿದ್ದೆ. ಆ ಕಡೆಯಿಂದ, ಮೇಡಂ ತೋಟದ ಗುಂಡಿಯಿಂದ, ಆ ವಾಸನೆ ಬಂತು. ಕುಡುಗೋಲನ್ನು ಅಲ್ಲೇ ಇಟ್ಟು ಎದ್ದು ನಿಂತೆ. ಆ ವಾಸನೆಗೆ ನನಗೆ ಈಗಲೂ ಮೊದಲು ಆಗುವುದು ಭಯ. ಆಮೇಲೆ ಮೇಡಂ ನೆನಪಾಗುತ್ತಾರೆ...

ಮೇಡಂ ಅಂದರೆ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ನಮ್ಮೂರು ಚಿಕ್ಕನಾಯಕನಹಳ್ಳಿಯಿಂದ ಕಂದಿಕೆರೆ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ನನ್ನನ್ನು ಅದೇ ಊರಿಗೆ ಕೊಟ್ಟಿದ್ದರಿಂದ, ಮೇಡಂ ಆಗಿದ್ದವರು ಆಮೇಲೆ ಪಕ್ಕದ ತೋಟದವರೂ ಆದರು. ತಂಗಿಯ ಸಂಸಾರದ ಜೊತೆ ಇದ್ದರು. ರಿಟೈರ್ ಆದ ಮೇಲೂ ಅವರನ್ನು ಕಂಡರೆ ನಾನು ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದೆ. ನಮ್ಮ ಯಜಮಾನರು ಅದನ್ನು ನೋಡಿ ನಗುತ್ತಿದ್ದರು. ಅವರೂ ಮೇಡಂ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ, ಆದರೆ ಗಂಡಸರಿಗೆ ಅಂಥದ್ದೆಲ್ಲ ಬೇಗ ಮರೆತುಹೋಗುತ್ತದೆ.

ಅವರಿಗೆ ಮಣ್ಣಿನ ಹುಚ್ಚು. ಪಾಠಕ್ಕೆ ಪುಸ್ತಕ ತೆಗೆಯುವ ಮೊದಲು, ಎಲ್ಲರೂ ಅವರವರ ತೋಟದಿಂದ ಒಂದು ಹಿಡಿ ಮಣ್ಣು ತನ್ನಿ ಅನ್ನುತ್ತಿದ್ದರು. ನೀರು ಹಾಕಿ ನಾದಿ, ದೀಪದ ಬತ್ತಿಯ ಹಾಗೆ ಹೊಸೆದು, ಬಗ್ಗಿಸಿ ಬಳೆ ಮಾಡಬೇಕು. ಗುಡ್ಡದ ಬುಡದ ಮಣ್ಣು ಬತ್ತಿಯಾಗುವುದಕ್ಕೇ ಒಪ್ಪದೆ ಉದುರಿಹೋಗುತ್ತಿತ್ತು. ಅದು ಮರಳುಮಣ್ಣು. ರಾಗಿ ಹೊಲದ ಮಣ್ಣು ಬತ್ತಿಯಾಗುತ್ತಿತ್ತು, ಬಗ್ಗಿಸಿದರೆ ಮಾತ್ರ ತುಂಡಾಗುತ್ತಿತ್ತು. ಕೆರೆಯೊಳಗಿನ ಕರಿಮಣ್ಣು ಒಂದು ಸೀಳೂ ಬಿಡದೆ ನುಣ್ಣಗೆ ಬಳೆಯಾಗುತ್ತಿತ್ತು. ಅದು ಅಪ್ಪಟ ಜೇಡಿ. ಇನ್ನು ಹಳ್ಳದ ಪಕ್ಕದ ಬಯಲಿನ ಮೆಕ್ಕಲು ಮಣ್ಣು, ಅಂದರೆ ಪ್ರವಾಹ ತಂದು ಹರಡಿಹೋದ ಮಣ್ಣು, ಬಳೆಯಾಗುತ್ತಿತ್ತು. ಆದರೆ ಹೊರಮೈಯಲ್ಲಿ ಸಣ್ಣ ಸಣ್ಣ ಬಿರುಕು ಕಾಣಿಸುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದಾಗ ಮೇಡಂ ಮುಖವೇ ಬೇರೆಯಾಗುತ್ತಿತ್ತು.

"ಇದು ಜೇಡಿಗೋಡು ಕಣ್ರೇ. ಮರಳು, ರೇವೆ, ಜೇಡಿ ಮೂರೂ ಜಗಳ ಆಡ್ದೆ ಸೇರ್ಕೊಂಡಿರೋ ಮಣ್ಣು. ನೀರೂ ಹಿಡಿಯುತ್ತೆ, ಬೇರಿಗೆ ಉಸಿರಾಡಕ್ಕೂ ಬುಡುತ್ತೆ" ಅನ್ನುತ್ತಿದ್ದರು.

ಹುಡುಗಿಯರಾದ ನಮಗೆ ಬೇಕಾಗಿದ್ದು ಕರಿಮಣ್ಣಿನ ಬಳೆ. ನೋಡಲು ಅದೇ ಚೆಂದ. ಕಿಟಕಿಯಲ್ಲಿಟ್ಟು ಹೋಗುತ್ತಿದ್ದೆವು. ಮಾರನೆಯ ದಿನ ಬಂದು ನೋಡಿದರೆ ಅದು ಒಣಗಿ, ಕುಗ್ಗಿ, ಚೂರಾಗಿ ಬಿದ್ದಿರುತ್ತಿತ್ತು. ಮೆಕ್ಕಲು ಮಣ್ಣಿನ ಬಿರುಕು ಬಳೆ ಹಾಗೇ ಗಟ್ಟಿಯಾಗಿ ಕೂತಿರುತ್ತಿತ್ತು. ಒಣಗಿಸಿ ನೋಡದೆ ಮಣ್ಣಿನ ಗುಣ ಹೇಳಬಾರದು ಎಂದು ಮೇಡಂ ನಮ್ಮ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದರು.

ಅವರ ಸ್ವಂತ ತೋಟ ಇದ್ದದ್ದು ಅಂಥ ಮಣ್ಣಿನಲ್ಲೇ. ನಮ್ಮೂರಿಗೆ ಮೇಲೆ ಕೆರೆ, ಏರಿಯ ಕೆಳಗೆ ಕೆಳಗಲ ಬೀದಿಯ ಮನೆಗಳು, ಅದರಾಚೆ ತೋಟಗಳು, ಕೊನೆಗೆ ಹಳ್ಳ. ಹಳ್ಳದ ಅಂಚಿನ ತೆಂಗಿನ ಸಾಲನ್ನು ಮೇಡಂ ತಮ್ಮ ಕೈಯಾರೆ ನೆಟ್ಟಿದ್ದರು. ಊರಿನಲ್ಲಿ ಬೇರೆ ಯಾರ ಮರವೂ ಅಷ್ಟು ಕಾಯಿ ಹಿಡಿಯುತ್ತಿರಲಿಲ್ಲ. ಆ ಬಗ್ಗೆ ಅವರಿಗೆ ಸಾಕಷ್ಟು ಜಂಬವಿತ್ತು. ಬೇಲಿಯ ಈ ಕಡೆ ನಿಂತು ನಾನು ಹೊಟ್ಟೆ ಉರಿದುಕೊಂಡದ್ದೂ ಉಂಟು.

ಒಂದು ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆಸಿದರು. ನಮ್ಮ ಕಡೆ ಹೂಳೆಂದರೆ ಹಬ್ಬ. ಕೆರೆಯ ಕರಿಮಣ್ಣು ತೆಂಗಿನ ಬುಡಕ್ಕೆ ಬಿದ್ದರೆ ಮರ ಮತ್ತೆ ಹರೆಯಕ್ಕೆ ಬರುತ್ತದೆ ಎಂದು ಎಲ್ಲರೂ ಟ್ರ್ಯಾಕ್ಟರು ತಂದು ಮುಗಿಬೀಳುತ್ತಾರೆ. ಆ ವರ್ಷ ಏರಿಯ ನಡುವೆ ಒಂದು ಕಡೆ ತಗ್ಗಾಗಿತ್ತು. ಅದನ್ನು ತುಂಬಲು ದೂರದಿಂದ ಬೇರೆ ಮಣ್ಣು ತರುವ ಬದಲು ಈ ಕರಿಮಣ್ಣನ್ನೇ ಹಾಕಿದರೆ ಹೇಗೆ ಎಂಬ ಮಾತು ಬಂತು. ತೆಂಗಿಗೆ ಒಳ್ಳೆಯದಾದದ್ದು ಲೋಕದ ಎಲ್ಲದಕ್ಕೂ ಒಳ್ಳೆಯದು ಎಂದು ನಂಬುವ ಜನ ನಾವು. ಮೇಡಂ ಅವರನ್ನು ಕರೆಸಿ ಕೇಳಿದರು. ಅವರು ಹಸಿ ಮುದ್ದೆ ತೆಗೆದುಕೊಂಡು, ಹೊಸೆದು, ಬಗ್ಗಿಸಿದರು. ಬಳೆ ನುಣ್ಣಗೆ ಬಂತು. ಹಾಕಿ ಅಂದುಬಿಟ್ಟರು. ನಾನು ಅಲ್ಲೇ ಇದ್ದೆ. ಒಣಗಿಸಿ ನೋಡಬೇಕು ಎಂಬುದು ಆ ಬಿಸಿಲಲ್ಲಿ ಅವರಿಗೂ ಹೊಳೆಯಲಿಲ್ಲ, ನಮಗೆ ಯಾರಿಗೂ ಹೊಳೆಯಲಿಲ್ಲ.

ಆ ಬೇಸಿಗೆ ಕಳೆದು, ಎಷ್ಟೋ ವರ್ಷಗಳಿಂದ ತಳ ಕಾಣುತ್ತಿದ್ದ ಕೆರೆ ತುಂಬಿತು. ಕೋಡಿ ಬಿತ್ತು. ಹೆಂಗಸರೆಲ್ಲ ಹೋಗಿ ಬಾಗಿನ ಬಿಟ್ಟು ಬಂದೆವು. ಮಳೆ ಮಾತ್ರ ನಿಲ್ಲಲಿಲ್ಲ. ಕೋಡಿಯ ನೀರು ಉಕ್ಕಿ ರಸ್ತೆಗೆ ಅಡ್ಡ ಹರಿದು, ಊರಿನಿಂದ ಹೊರಗೆ ಹೋಗುವ ದಾರಿಯೇ ಮುಚ್ಚಿಹೋಯಿತು. ಹಳ್ಳದ ದಾರಿ ಕೊಚ್ಚಿಹೋದದ್ದನ್ನು ಸರಿಮಾಡಲು ಬಂದಿದ್ದ ತಿಪಟೂರಿನ ಜೆಸಿಬಿ ಭಾಯಿ ತಮ್ಮ ಗಾಡಿಯ ಸಮೇತ ನಮ್ಮಲ್ಲೇ ಸಿಕ್ಕಿಕೊಂಡರು.

ಅವತ್ತು ಮಧ್ಯಾಹ್ನ ನೀರುಗಂಟಿ ಓಡಿ ಬಂದ. ಕೆರೆ ಕಾಯುವ ಅವನು ಓಡಿದ್ದನ್ನು ನಾನು ಅದುವರೆಗೂ ಕಂಡಿರಲಿಲ್ಲ.

"ಏರಿ ಬುಡದಲ್ಲಿ ಬೆಳಗ್ಗಿಂದ ತಿಳಿನೀರು ಜಿನುಗ್ತಿತ್ತು ಕಣ್ರಪ್ಪ, ಸುಮ್ಕಿದ್ದೆ. ಈಗ ಕದಡಿ ಬತ್ತೈತೆ!"

ತಿಳಿನೀರು ಜಿನುಗಿದರೆ ಹೆದರಬೇಕಾಗಿಲ್ಲ. ಕದಡಿದ ನೀರು ಬಂದರೆ ಏರಿಯ ಒಳಗಿನ ಮಣ್ಣು ಕರಗಿ ಹೊರಟಿದೆ ಎಂದು ಅರ್ಥ. ಕೆಳಗಲ ಬೀದಿಯವರು ಮಕ್ಕಳನ್ನು, ಬಾಣಂತಿಯನ್ನು, ದನಗಳನ್ನು ದೇವಸ್ಥಾನದ ದಿಬ್ಬಕ್ಕೆ ಸಾಗಿಸಿದರು. ಅಟ್ಟದ ಕೊಬ್ಬರಿಯನ್ನು ಇಳಿಸುತ್ತೇನೆಂದು ಹೊರಟ ಒಬ್ಬರನ್ನು ಹೆಂಡತಿಯೇ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ನಮ್ಮ ಯಜಮಾನರು ಉಳಿದ ಗಂಡಸರ ಜೊತೆ ಏರಿಯ ಮೇಲೆ ಹತ್ತಿದರು.

ಮೇಡಂ ಕೊಡೆ ಹಿಡಿದು ಬಂದರು. ಏರಿಯ ತಗ್ಗು ತುಂಬಿದ್ದ ಜಾಗದಲ್ಲಿ ಬಗ್ಗಿ ನೋಡಿದರು. ಬೇಸಿಗೆಯಲ್ಲಿ ಕರಿಮಣ್ಣು ಒಣಗಿ ಬಿಟ್ಟಿದ್ದ ಬಿರುಕು ಕೈ ತೂರುವಷ್ಟು ಅಗಲವಾಗಿ, ಕೆರೆಯ ನೀರು ಅದರೊಳಗೆ ಸುಳಿ ಸುತ್ತುತ್ತಾ ಇಳಿಯುತ್ತಿತ್ತು. ಅವರು ನೆಟ್ಟಗೆ ನಿಂತರು. ತರಗತಿಯಲ್ಲಿ ಕೂಗುತ್ತಿದ್ದ ಅದೇ ದನಿಯಲ್ಲಿ ಹೇಳಿದರು.

"ಈ ಮಣ್ಣನ್ನ ಒಪ್ಪಿದ್ದು ನಾನು. ಒಣಗಿಸಿ ನೋಡ್ಲಿಲ್ಲ. ತಪ್ಪು ನಂದೇ. ಬೈಯೋದಿದ್ರೆ ನಾಳೆ ಬೈಯ್ರಿ, ಈಗ ಗೊಬ್ಬರದ ಚೀಲ ತನ್ನಿ."

ಯಾರೂ ಬೈಯಲಿಲ್ಲ. ಯಾವ ಮಣ್ಣು ತುಂಬುವುದು ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಕರಿಮಣ್ಣು ಲೋಳೆಯಂತೆ ಜಾರುತ್ತಿತ್ತು. ಗುಡ್ಡದ ಮಣ್ಣು ತರಲು ದಾರಿಯಿಲ್ಲ, ತಂದರೂ ಅದು ನೀರಿನಲ್ಲಿ ನಿಲ್ಲುವುದಿಲ್ಲ. ಏರಿಯ ಬುಡದಲ್ಲಿ ಅಗೆದರೆ ಏರಿಯೇ ಕೂರುತ್ತದೆ. ಉಳಿದದ್ದು ಹಳ್ಳದ ಅಂಚಿನ ಮೆಕ್ಕಲು. ಹಳ್ಳ ಉಕ್ಕಿ ಆ ದಡದ ತೋಟಗಳೆಲ್ಲ ಮುಳುಗಿದ್ದವು. ಸ್ವಲ್ಪ ಎತ್ತರದಲ್ಲಿ ಇನ್ನೂ ನೀರು ಹತ್ತದೆ ಉಳಿದಿದ್ದದ್ದು ಒಂದೇ, ಮೇಡಂ ನೆಟ್ಟ ಆ ಸಾಲು.

ಅವರು ನನ್ನ ಕೈಗೆ ಒಂದು ಸ್ಟೀಲ್ ಲೋಟ ಕೊಟ್ಟರು. ಏರಿಯ ಬುಡದಲ್ಲಿ ನೀರು ಬರುವ ಕಡೆ ಕೂತು, ಲೋಟದಲ್ಲಿ ಹಿಡಿದು ನೋಡುತ್ತಿರಬೇಕು. ತಳ ಕಂಡರೆ ಕೂಗಬೇಕು. ನೀರು ಇನ್ನೂ ಜೋರಾದರೆ ಕೂಗಿಕೊಂಡು ಓಡಬೇಕು. ಏರಿ ಹೋದರೆ ಓಡುವುದಕ್ಕೆ ಪುರಸೊತ್ತು ಎಲ್ಲಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. "ಕೂತ್ಕೋತೀಯಾ?" ಎಂದು ಕೇಳಿದರು. ಕೂತೆ. ಮನೆಗಳು ಒಂದು ಪಕ್ಕಕ್ಕಿದ್ದದ್ದರಿಂದ ಅಲ್ಲಿಂದ ಅವರ ತೋಟ ಪೂರ್ತಿ ಕಾಣುತ್ತಿತ್ತು.

ಭಾಯಿ ಗಾಡಿಯನ್ನು ಸಾಲಿನ ಮುಂದೆ ತಂದು ನಿಲ್ಲಿಸಿ, ಇಳಿದುಬಿಟ್ಟರು. ನಮ್ಮ ಕಡೆ ಕಾಯಿ ಬಿಡುವ ತೆಂಗಿನ ಮೇಲೆ ಯಾರೂ ಕೈ ಎತ್ತುವುದಿಲ್ಲ. ಮಗುವಿನ ಮೇಲೆ ಎತ್ತಿದ ಹಾಗೆ. ಅವರೂ ಈ ಸೀಮೆಯಲ್ಲೇ ಹುಟ್ಟಿ ಬೆಳೆದವರು.

"ಹೊಂಬಾಳೆ ಬಿಟ್ಟವೆ ಮೇಡಂ. ನನ್ ಕೈಲಾಗಲ್ಲ" ಎಂದು ಕೂಗಿ ಹೇಳಿದ್ದು ನನಗೂ ಕೇಳಿಸಿತು.

ಮರ ಕಡಿಯಲೇಬೇಕಾಗಿ ಬಂದರೆ ನಾವು ಅರಿಸಿನ ಕುಂಕುಮ ಇಟ್ಟು ತಪ್ಪಾಯಿತು ಅನ್ನುತ್ತೇವೆ. ಮೇಡಂ ಅದಕ್ಕೆಲ್ಲ ನಗುತ್ತಿದ್ದವರು. ಅವತ್ತು ಕೊಡೆ ಬಿಸಾಕಿ, ತಮ್ಮ ಹಣೆಯ ಕುಂಕುಮವನ್ನೇ ಬೆರಳಿನಲ್ಲಿ ತೆಗೆದು ಮೊದಲ ಮರಕ್ಕೆ ಹಚ್ಚಿದರು. ಮುಂದಿನ ಮರಕ್ಕೆ ಬರುವಷ್ಟರಲ್ಲಿ ಮಳೆಗೆ ಹಣೆ ಬರಿದಾಗಿತ್ತು. ಉಳಿದ ಮರಗಳನ್ನು ಬರಿಗೈಯಲ್ಲಿ ಒಂದೊಂದಾಗಿ ಮುಟ್ಟಿಕೊಂಡು ಹೋದರು. ಆಮೇಲೆ ಭಾಯಿಯ ಕಡೆ ತಿರುಗಿದರು.

"ಕೆಳಗೆ ಮನೆಗಳವೆ ಕಣಪ್ಪ. ತಳ್ಳು."

ತುಂಬಿದ ಗೊನೆಗಳ ಮರ ಬೀಳುವ ಸದ್ದನ್ನು ನಾನು ಬರೆಯಲಾರೆ... ಮೊದಲ ಬಕೆಟ್ಟಿನ ಮಣ್ಣು ಮೇಲೆ ಬರುತ್ತಲೇ ಮೇಡಂ ಕೆಸರಲ್ಲಿ ಕೂತು ಒಂದು ಬತ್ತಿ ಹೊಸೆದು ಬಗ್ಗಿಸಿದರು. ಅಷ್ಟು ಅವಸರದಲ್ಲೂ ನೋಡದೆ ಬಿಡಲಿಲ್ಲ. ತಲೆಯಾಡಿಸಿದರು. ಹೆಂಗಸರು ಚೀಲ ತುಂಬಿದರು. ಗಂಡಸರು ಹೊತ್ತು ಏರಿಯ ಒಳಮೈಗೆ ಇಳಿಸಿ ತುಳಿದರು. ನಾನು ಲೋಟ ಹಿಡಿಯುತ್ತಿದ್ದೆ, ನೋಡುತ್ತಿದ್ದೆ, ಚೆಲ್ಲುತ್ತಿದ್ದೆ. ಕಾಫಿಯಂತೆ ಬರುತ್ತಿತ್ತು. ಒಮ್ಮೆ ನನ್ನ ಕಾಲಿನ ಪಕ್ಕವೇ ಏರಿಯ ಒಂದು ಹೆಂಟೆ ಕಳಚಿ ಬಿದ್ದು, ನೀರು ಮೊಣಕಾಲಿಗೆ ಚಿಮ್ಮಿತು. ಮೇಲಿನಿಂದ ನಮ್ಮ ಯಜಮಾನರು ನನ್ನ ಹೆಸರು ಹಿಡಿದು ಕೂಗಿದರು. ಜನರ ಮುಂದೆ ಅವರು ನನ್ನನ್ನು ಹೆಸರಿಟ್ಟು ಕರೆದದ್ದು ಅದೇ ಮೊದಲು. ಓಡಬೇಕು ಅನ್ನಿಸಿತು. ತೋಟದ ಕಡೆ ನೋಡಿದೆ. ಮೇಡಂ ಚೀಲದ ಬಾಯಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಮತ್ತೆ ಲೋಟ ಹಿಡಿದೆ.

ದಿನಾ ದನ ಕೊಟ್ಟಿಗೆಗೆ ತಿರುಗುವ ಹೊತ್ತಿಗೆ ನೀರಿನ ಬಣ್ಣ ತಿಳಿಯಾಯಿತು. ನಂಬಿಕೆಯಾಗದೆ ಚೆಲ್ಲಿ ಮತ್ತೆ ಹಿಡಿದೆ. ಲೋಟದ ತಳ ಕಂಡಿತು. ಕೂಗಬೇಕೆಂಬುದೇ ಮರೆತುಹೋಯಿತು. ಲೋಟವನ್ನು ಎತ್ತಿ ಹಿಡಿದು ಅಳುತ್ತಾ ನಿಂತೆ. ಮೇಲಿದ್ದವರಿಗೆ ಅದರಿಂದಲೇ ತಿಳಿಯಿತು.

ಏರಿ ಉಳಿಯಿತು, ಬೀದಿ ಉಳಿಯಿತು. ಮೇಡಂ ತೋಟದಲ್ಲಿ ಉಳಿದದ್ದು ಒಂದು ಗುಂಡಿ. ಮೇಲಿನ ಒಳ್ಳೆಯ ಮಣ್ಣೆಲ್ಲ ಹೋಗಿ ತಳದಲ್ಲಿ ಬರೀ ಮರಳು ಕಾಣುತ್ತಿತ್ತು. ಅದನ್ನು ಕೆರೆಮಣ್ಣಿನಿಂದ ತುಂಬಿಕೊಡುತ್ತೇವೆ ಎಂದು ಊರಿನವರು ಟ್ರ್ಯಾಕ್ಟರು ತಂದು ನಿಂತರು. ಮೇಡಂ ಬೇಡ ಅಂದರು. ಹಳ್ಳದ ದಂಡೆಯನ್ನು ಒಂದು ಕಡೆ ಕಡಿಸಿ, ಪ್ರವಾಹದ ನೀರು ಗುಂಡಿಗೆ ನುಗ್ಗಿ, ನಿಂತು, ಮೆಲ್ಲಗೆ ಹೊರಗೆ ಹೋಗುವ ಹಾಗೆ ದಾರಿ ಮಾಡಿದರು. "ತಂದಿದ್ದು ಹಳ್ಳ, ಅದೇ ತಂದ್ಕೊಡ್ಲಿ ಬುಡಿ" ಅಂದರು. ಊರು ಬೆನ್ನ ಹಿಂದೆ ನಕ್ಕಿತು. ಊರು ಉಳಿಸಿದವರನ್ನು ನೋಡಿ ಊರೇ ನಗುತ್ತದಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪ್ರತಿ ಸಲ ಹಳ್ಳ ಬಂದು ಹೋದ ಮೇಲೆ ಮೇಡಂ ಗುಂಡಿಗೆ ಇಳಿದು ಒಂದು ಹಿಡಿ ತೆಗೆದು ಹೊಸೆಯುತ್ತಿದ್ದರು. ಮೊದಲ ವರ್ಷ ಅದು ಬತ್ತಿಯೇ ಆಗಲಿಲ್ಲ. ಮರುವರ್ಷ ಬತ್ತಿಯಾಯಿತು, ಬಗ್ಗಿಸಿದರೆ ಮುರಿಯಿತು. ಮುರಿದ ತುಂಡನ್ನು ಬೇಲಿಯ ಮೇಲಿಂದ ನನಗೆ ತೋರಿಸಿ, ಇನ್ನೂ ಜೇಡಿ ಸಾಲದು ಕಣೇ, ಬರುತ್ತೆ ಅಂದರು. ಆ ಚಳಿಗಾಲವೇ ಹೋಗಿಬಿಟ್ಟರು. ಮಲಗಿದ್ದು ಒಂದು ವಾರ ಕೂಡ ಇಲ್ಲ. ಜನ ಮಣ್ಣು ಹಾಕಲು ಸಾಲಾಗಿ ನಿಂತಿದ್ದರು. ಕೆಳಗಲ ಬೀದಿಯ ಒಬ್ಬರೂ ಮನೆಯಲ್ಲಿ ಉಳಿದಿರಲಿಲ್ಲ.

ಈಗ ಹೋದ ವಾರದ ಮಾತು. ಕುಡುಗೋಲು ಇಟ್ಟು, ಬೇಲಿ ದಾಟಿ ಗುಂಡಿಗೆ ಇಳಿದೆ. ಅದನ್ನು ಇನ್ನು ಗುಂಡಿ ಅನ್ನುವ ಹಾಗೂ ಇಲ್ಲ, ಅರ್ಧ ತುಂಬಿದೆ. ಹೊಸ ಕೆಸರು ಕಾಲಿಗೆ ತಣ್ಣಗೆ ಹತ್ತಿತು. ಒಂದು ಹಿಡಿ ತೆಗೆದು ಹೊಸೆದೆ. ಬತ್ತಿಯಾಯಿತು. ಉಸಿರು ಹಿಡಿದು ಬಗ್ಗಿಸಿದೆ. ಎರಡು ತುದಿಯೂ ಬಂದು ಸೇರಿದವು. ಹೊರಮೈಯಲ್ಲಿ ಸಣ್ಣ ಸಣ್ಣ ಬಿರುಕು.

ಮೇಡಂ, ಬಂತು ನೋಡಿ, ಎಂದು ತಿರುಗಿ ಬೇಲಿಯ ಕಡೆ ಕೈ ಎತ್ತಿದೆ... ಅಲ್ಲಿ ನಮ್ಮ ಎಮ್ಮೆ ನಿಂತಿತ್ತು. ಇಷ್ಟು ವಯಸ್ಸಾದ ನಾನು ಗುಂಡಿಯಲ್ಲಿ ನಿಂತು ಒಬ್ಬಳೇ ಅತ್ತುಬಿಟ್ಟೆ. ಆಮೇಲೆ ಬಳೆಯನ್ನು ಮನೆಗೆ ತಂದು ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಇವತ್ತು ಪೂರ್ತಿ ಒಣಗಿದೆ. ಒಡೆದಿಲ್ಲ.