ಪೇಟೆಯವರು, ಲೈನಿನವರು

ಆಂಡರ್ಸನ್‌ಪೇಟೆಯಲ್ಲಿ ನಮ್ಮದು ಎರಡು ಕೋಣೆಯ ಹೆಂಚಿನ ಮನೆ. ಮುಂದೊಂದು ಜಗಲಿ. ಅಪ್ಪ ಚಿನ್ನದ ಗಣಿಯ ಕಚೇರಿಯಲ್ಲಿ ಕೆಲಸಗಾರರ ಹಾಜರಿ ಬರೆಯುವ ಗುಮಾಸ್ತ. ಅಷ್ಟಕ್ಕೇ ಅಮ್ಮ ನಮ್ಮನ್ನು ದೊಡ್ಡ ಜನ ಅಂದುಕೊಂಡಿದ್ದಳು. "ನಾವು ಪೇಟೆಯೋರು, ಲೈನಿನೋರಲ್ಲ" ಅನ್ನುವ ಮಾತು ಅವಳ ಬಾಯಲ್ಲಿ ಯಾವಾಗಲೂ ಇರುತ್ತಿತ್ತು.

ಲೈನು ಅಂದರೆ ಚಾಂಪಿಯನ್ ರೀಫ್ಸ್ ಕಡೆ ಗಣಿ ಕೆಲಸಗಾರರಿಗೆ ಕೊಟ್ಟಿದ್ದ ಮನೆಗಳ ಸಾಲು. ಬಿದಿರು ತಟ್ಟಿಯ ಗೋಡೆ, ತಗಡಿನ ಸೂರು. ಒಂದು ಮನೆಯಲ್ಲಿ ಕೆಮ್ಮಿದರೆ ಸಾಲಿಗೆಲ್ಲ ಕೇಳಿಸುತ್ತಿತ್ತು. ಗಾಳಿ ಎದ್ದರೆ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಧೂಳು ಅವರ ಸೂರಿನ ಮೇಲೂ ಬೀಳುತ್ತಿತ್ತು, ನಮ್ಮ ಜಗಲಿಯ ಮೇಲೂ. ಅಮ್ಮ ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು "ಲೈನಿನ ಧೂಳು" ಎಂದು ಬೈದುಕೊಂಡೇ ಗುಡಿಸುತ್ತಿದ್ದಳು. ಬಂಗಲೆಗಳಲ್ಲಿದ್ದ ದೊರೆಸಾನಿಯರಿಗೆ ಪೇಟೆಯೂ ಒಂದೇ, ಲೈನೂ ಒಂದೇ. ಅದು ಅಮ್ಮನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ನುಂಗಿಕೊಂಡಿದ್ದಳೋ, ನನಗೆ ಇವತ್ತಿಗೂ ತಿಳಿಯದು.

ಅಪ್ಪನ ಒಬ್ಬಳೇ ತಂಗಿ, ನನ್ನ ಸೋದರತ್ತೆ, ಇದ್ದದ್ದು ಆ ಲೈನಿನಲ್ಲೇ. ಮಾವ ಗಣಿಯೊಳಕ್ಕೆ ಇಳಿಯುವವನು. ಬಂಡೆ ಕುಸಿಯದಂತೆ ಮರದ ತೊಲೆ ಕೊಟ್ಟು ನಿಲ್ಲಿಸುವುದು ಅವನ ಕೆಲಸ. ಅವರಿಗೆ ಮಕ್ಕಳಿರಲಿಲ್ಲ. ಅತ್ತೆ ನಮ್ಮನೆಗೆ ಬಂದರೆ ಜಗಲಿಯಲ್ಲೇ ಕೂರಬೇಕು. ಒಳಗೆ ಬಾ ಅಂತ ಅಮ್ಮ ಕರೆದದ್ದು ನಾನು ಕಂಡಿಲ್ಲ. ಅತ್ತೆ ಅಲ್ಲೇ ಕೂತು ನನ್ನ ತಲೆ ಬಾಚಿ, ಕನ್ನಡಕ್ಕೆ ತಮಿಳು ಬೆರೆಸಿ ಲೈನಿನ ಸುದ್ದಿಯೆಲ್ಲ ಹೇಳುತ್ತಿದ್ದಳು. "ನಮ್ಮನೇಲಿ ಅರವ ಮಾತು ಬೇಡ" ಎಂದು ಅಮ್ಮ ಒಳಗಿನಿಂದ ಗದರಿದರೆ, ಅತ್ತೆ ದನಿ ತಗ್ಗಿಸಿ, ಅದೇ ಮಾತು ಮುಂದುವರಿಸುತ್ತಿದ್ದಳು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಬಂಗಾರಪೇಟೆಯಿಂದ ಒಂದು ಸಂಬಂಧ ಬಂತು. ಹುಡುಗ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ಬಂಗಾರಪೇಟೆಯೇನು ಮಹಾ ಊರಲ್ಲ, ಜನ ರೈಲು ಬದಲಾಯಿಸಲು ಇಳಿಯುವ ಜಾಗ. ಆದರೂ ಅಲ್ಲಿಯವರು "ನಮ್ಮದು ಜಂಕ್ಷನ್" ಅನ್ನುತ್ತಿದ್ದರು. ನಮ್ಮನ್ನೆಲ್ಲ ಒಟ್ಟಿಗೆ ಗಣಿ ಜನ ಎಂದು ಕರೆಯುತ್ತಿದ್ದರು.

ಹೆಣ್ಣು ನೋಡಲು ಬರುವ ದಿನ ಗೊತ್ತಾದಾಗ ಅಮ್ಮ ಅತ್ತೆಗೆ ನೇರವಾಗಿಯೇ ಹೇಳಿದಳು: "ಶುಕ್ರವಾರ ಈ ಕಡೆ ಬರಬೇಡ."

"ಬರಾಕಿಲ್ಲ ಬುಡು ಅತ್ತಿಗೆ. ಅಮ್ಮಣ್ಣಿಗೆ ಒಳ್ಳೇದಾದ್ರೆ ಸಾಕು" ಅಂದಳು ಅತ್ತೆ.

ಆ ಬೆಳಿಗ್ಗೆ ಅವಳು ಕನಕಾಂಬರ ಕಟ್ಟಿ ಅಪ್ಪನ ಕೈಯಲ್ಲಿ ಕಳಿಸಿದ್ದಳು. ಅಮ್ಮ ಅದನ್ನು ದೇವರ ಪಟಕ್ಕೆ ಹಾಕಿ, ನನ್ನ ಜಡೆಗೆ ಅಂಗಡಿಯ ಮಲ್ಲಿಗೆ ಮುಡಿಸಿದಳು.

ಬಂದವರು ಚಾಪೆಯ ಮೇಲೆ ಕೂತರು. ನಾನು ಕಾಫಿ ಕೊಟ್ಟು ಗೋಡೆಗೆ ಒರಗಿದ್ದೆ. ಆಗ ನೆಲ ನಡುಗಿತು. ಅಟ್ಟದ ಪಾತ್ರೆಗಳು ಗಲಗಲ ಅಂದವು, ಸೂರಿನಿಂದ ಮಣ್ಣು ಉದುರಿತು. ಆಳದಲ್ಲಿ ಬಂಡೆ ಸಿಡಿದರೆ ಹೀಗಾಗುತ್ತದೆ, ನಾವು ಅದನ್ನು ಏರ್‌ಬ್ಲಾಸ್ಟ್ ಅನ್ನುತ್ತಿದ್ದೆವು. ಸಣ್ಣದಾದರೆ ಯಾರೂ ಮಾತು ಕೂಡ ನಿಲ್ಲಿಸುತ್ತಿರಲಿಲ್ಲ. ಇದು ಸಣ್ಣದಾಗಿರಲಿಲ್ಲ. ಹುಡುಗನ ಕಡೆಯವರು ಎದ್ದು ಬಾಗಿಲಿಗೆ ಓಡಿದರು. ಹಿಂದೆಯೇ ಗಣಿಯ ಸೈರನ್ ಕೂಗಲು ಶುರುವಾಯಿತು, ಹೊತ್ತಲ್ಲದ ಹೊತ್ತಲ್ಲಿ.

ಅಪ್ಪ ಎದ್ದರು. "ನನ್ನ ತಂಗಿ ಗಂಡ ಒಳಗವ್ನೆ" ಅಂದವರೇ ಚಪ್ಪಲಿ ಕೂಡ ಹಾಕದೆ ಓಡಿದರು.

ಹುಡುಗನ ತಾಯಿ ಅಮ್ಮನ ಕಡೆ ತಿರುಗಿದರು. "ನಿಮ್ಮೋರು ಗಣಿ ಒಳಕ್ಕೆ ಇಳಿಯೋರಾ?"

"ದೂರದೋರು" ಅಂದಳು ಅಮ್ಮ. "ಕೂತ್ಕೊಳ್ಳಿ, ಕೇಸರಿಬಾತು ತಣ್ಣಗಾಗುತ್ತೆ."

"ನಾನೂ ಹೋಗ್ತೀನಮ್ಮ" ಅಂದೆ. ಅಮ್ಮ ನನ್ನ ರಟ್ಟೆ ಹಿಡಿದು ಕೂರಿಸಿದಳು. ಬೆರಳಿನ ಗುರುತು ಮೂಡುವಷ್ಟು ಬಿಗಿ ಇತ್ತು ಆ ಹಿಡಿತ.

ಮಾವನ ಹೆಣ ಮೇಲಕ್ಕೆ ತರಲು ದಿನಗಳೇ ಹಿಡಿದವು. ತಂದ ದಿನ ಅಮ್ಮ ಲೈನಿಗೆ ಬಂದಳು. ಆದರೆ ಒಳಗೆ ಬರಲಿಲ್ಲ, ದೂರದ ಬೇವಿನ ಮರದಡಿ ನಿಂತಳು. ಅಕ್ಕಪಕ್ಕದ ಹೆಂಗಸರು ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಅತ್ತೆ ಅಷ್ಟು ಅಳುವಿನಲ್ಲೂ ಅದನ್ನು ಗಮನಿಸಿದಳು. "ಅತ್ತಿಗೇನ ಮನೆಗೆ ಕರ್ಕೊಂಡೋಗು ಅಮ್ಮಣ್ಣಿ, ಬಿಸಿಲು" ಎಂದು ನನ್ನನ್ನೇ ಕಳಿಸಿದಳು.

ಲೈನಿನ ಮನೆ ದುಡಿಯುವ ಗಂಡಸಿಗೆ ಕೊಟ್ಟದ್ದು. ಅವನು ಹೋದ ಮೇಲೆ ಅತ್ತೆ ಬಿಡಬೇಕಾಯಿತು. ಅಪ್ಪ ಊಟಕ್ಕೆ ಕೂತಾಗ, "ಅವಳನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ" ಅಂದರು.

"ಕರ್ಕೊಂಡು ಬನ್ನಿ" ಅಂದಳು ಅಮ್ಮ, ಸಾರು ಬಡಿಸುತ್ತ. "ಆಮೇಲೆ ಇವಳನ್ನ ಯಾರಿಗೆ ಕೊಡ್ತೀರಿ?"

ಅಪ್ಪ ಅನ್ನ ಕಲಸುತ್ತಲೇ ಇದ್ದರು. ಆ ಮಾತು ಮತ್ತೆ ಎತ್ತಲಿಲ್ಲ. ಅತ್ತೆ ಬಂಗಾರಪೇಟೆಯ ಅಕ್ಕಿ ಗಿರಣಿಯೊಂದರಲ್ಲಿ ಅಕ್ಕಿ ಕೇರುವ ಕೆಲಸಕ್ಕೆ ಹೋದಳು ಅಂತ ಆಮೇಲೆ ತಿಳಿಯಿತು.

ನನ್ನ ಮದುವೆಯೂ ಅದೇ ಹುಡುಗನ ಜೊತೆ ಆಯಿತು. ಲೈನಿನ ನೆಂಟರು ಮನೆಗೆ ಬಂದುಹೋಗಬಾರದು ಅನ್ನುವ ಮಾತಿನ ಮೇಲೆ ಅವರು ಒಪ್ಪಿದ್ದರು. ಅಮ್ಮ "ಜಂಕ್ಷನ್‌ಗೆ ಕೊಟ್ಟಿದ್ದೀವಿ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ನಾನು ಸೇರಿದ ಮನೆ ಗೂಡ್ಸ್ ಶೆಡ್ಡಿನ ಹಿಂದೆ. ಒಗೆದು ಹಾಕಿದ ಬಟ್ಟೆಯ ಮೇಲೆಲ್ಲ ಇಂಜಿನ್ನಿನ ಮಸಿ. ಕೈಯಿಂದ ಏನಾದರೂ ಜಾರಿದರೆ ಗಂಡನ ತಾಯಿ, "ನೆಲ ನಡುಗೋ ಊರಿನೋಳು, ಕೈ ಎಲ್ಲಿ ನಿಲ್ಲುತ್ತೆ" ಅನ್ನುತ್ತಿದ್ದರು. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದು ಕಡಿಮೆ. ನಾನು "ಗಣಿಯೋಳು".

ಒಂದು ಸಂಜೆ ಗಂಡನ ತಾಯಿಯ ಜೊತೆ ತರಕಾರಿಗೆ ಹೊರಟಿದ್ದೆ. ಗಿರಣಿ ಬಿಟ್ಟು ಹೆಂಗಸರು ಬರುತ್ತಿದ್ದರು, ತಲೆಗೂದಲ ತುಂಬ ತೌಡು. ಅವರಲ್ಲಿ ಅತ್ತೆ ಇದ್ದಳು. ತೀರಾ ಸಣ್ಣಗಾಗಿದ್ದಳು. ನಾನು ಓಡಿಹೋಗಿ ಕೈ ಹಿಡಿದು "ಅತ್ತೆ" ಅಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಹಿಂದೆ ನಿಂತಿದ್ದವರನ್ನು ನೋಡಿದಳು.

"ಯಾರಮ್ಮ ನೀವು? ಬೇರೆ ಯಾರೋ ಅಂದ್ಕೊಂಡ್ರೇನೋ."

"ನಾನು ಅತ್ತೆ, ನಾನು..."

"ಗೊತ್ತಿಲ್ಲಮ್ಮ. ಓಗಿ." ಕೈ ಬಿಡಿಸಿಕೊಂಡು ಉಳಿದವರ ನಡುವೆ ಸೇರಿಕೊಂಡಳು.

"ಯಾರೇ ಅದು?" ಗಂಡನ ತಾಯಿ ಕೇಳಿದರು.

"ನನ್ನ ಸೋದರತ್ತೆ."

"ಅವಳೇ ಅಲ್ಲ ಅಂದ್ಲಲ್ಲ. ನಡಿ."

ಕೆಲವು ದಿನದ ಮೇಲೆ ನಾನೊಬ್ಬಳೇ ಗಿರಣಿಗೆ ಹೋಗಿ ಕೇಳಿದೆ. ಕೆಲಸ ಬಿಟ್ಟಳು ಅಂದರು. ಒಬ್ಬಳು ಕುಪ್ಪಂ ಕಡೆ ಅಂದಳು, ಇನ್ನೊಬ್ಬಳು ಅದೂ ಗೊತ್ತಿಲ್ಲ ಅಂದಳು. ದೀಪಾವಳಿಗೆ ಅಪ್ಪ ಬಂದಾಗ ಹಿತ್ತಲಲ್ಲಿ ನಿಂತು ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. ಆಮೇಲೆ, ಊರಿಗೆ ವಾಪಸು ರೈಲು ಎಷ್ಟು ಹೊತ್ತಿಗೆ ಅಂತ ಕೇಳಿದರು.