ಚೌಡಯ್ಯನ ಹಸಿರು ಸೀರೆ

ಕಿಕ್ಕೇರಿ ಬಳಿಯ ಊರೊಂದರಲ್ಲಿ ಬೆಳಗಿನ ಐದೂವರೆ. ಬೇರೆಯವರ ಕೊಟ್ಟಿಗೆಯ ಬಾಗಿಲಲ್ಲಿ ನಿಂತ ಅರವತ್ತೊಂದರ ಚೌಡಯ್ಯ ಲುಂಗಿಯ ಮೇಲೆ ಹಸಿರು ಸೀರೆ ಸುತ್ತಿಕೊಳ್ಳುತ್ತಿದ್ದಾರೆ. ನೆರಿಗೆ ನಿಲ್ಲುತ್ತಿಲ್ಲ. ಆ ಮನೆಯ ಸೊಸೆ ಪ್ರಮೀಳಾ ನಗು ನುಂಗಿಕೊಂಡು ಅವರ ತಲೆಗೆ ಸೆರಗು ಹೊದಿಸುತ್ತಾಳೆ. ಎಮ್ಮೆ ಸೆರಗನ್ನು ಮೂಸಿ ನೋಡಿ, ಒಮ್ಮೆ ಬುಸುಗುಟ್ಟಿ, ಹಾಲಿಳಿಸುತ್ತದೆ.

ಬೇಲಿಯಾಚೆ ಪಕ್ಕದ ಮನೆಯ ಬೋರಯ್ಯ ಕಾದು ನಿಂತಿದ್ದಾರೆ. "ಏನಕ್ಕಯ್ಯಾ, ಹೂವ ಮುಡ್ಕಳಲ್ವಾ?"

"ನಿನ್ನೆಡ್ತಿದು ಈಸ್ಕಂಬಾರ್ಲಾ, ಮುಡ್ಕತೀನಿ!"

ಕೈಲಾಗದ ಹಿರಿಯರು, ಬಾಣಂತಿಯರು ಇರುವ ಮನೆಗಳಲ್ಲಿ ಹಾಲು ಕರೆದುಕೊಡುವುದು ಚೌಡಯ್ಯನವರ ಇಪ್ಪತ್ತೆರಡು ವರ್ಷಗಳ ಕೆಲಸ. ಎರಡು ಹೊತ್ತೂ ಒಂಬತ್ತು ಮನೆ, ಹದಿನೇಳು ರಾಸು. ಡೈರಿ ಮುಚ್ಚುವುದರೊಳಗೆ ಮುಗಿಯಬೇಕು. ಬೆರಳ ಗೆಣ್ಣುಗಳು ಊದಿವೆ. ಬಿಸಿನೀರಿಗೆ ಅದ್ದದೆ ಮಡಚುವುದಿಲ್ಲ.

ಈ ಎಮ್ಮೆ ಪ್ರಮೀಳಾಳ ಅತ್ತೆ ದೊಡ್ಡತಾಯಮ್ಮನವರದು. ಸೊಂಟ ಮುರಿದು ಅವರು ಆಸ್ಪತ್ರೆ ಸೇರಿದ ಮೇಲೆ ಅದು ಯಾರಿಗೂ ಹಾಲು ಕೊಡಲಿಲ್ಲ. ಅವರ ಮಗ ಅದನ್ನು ಸಂತೆಗೆ ಹೊಡೆದು ಮಾರುವ ಮಾತಾಡಿದ. "ಅತ್ತೆ ಬರೋಗಂಟ ಉಳಿಸ್ಕೊಡಿ ಮಾವ," ಎಂದು ಪ್ರಮೀಳಾ ಬೇಡಿಕೊಂಡಳು.

ಕರೆಯಲು ಕೂತ ಮೂರನೆಯ ದಿನ ಎಮ್ಮೆ ಒದ್ದು ಚೊಂಬು ಉರುಳಿಸಿದಾಗ ಚೌಡಯ್ಯ ಕೋಲು ಎತ್ತಿಕೊಂಡರು. ಅದನ್ನು ನನಗೆ ಹೇಳುವಾಗ ಅವರ ಕಣ್ಣು ನೆಲ ಬಿಟ್ಟು ಏಳುವುದಿಲ್ಲ. "ಬಾರ್ಸ್‌ಬುಟ್ಟೆ ಕಣಮ್ಮಾ. ಆಮ್ಯಾಕೆ ಅದು ಒದೀನೂ ಇಲ್ಲ. ಸುಮ್ಕೆ ನನ್ನ ಮೊಕ ನೋಡ್ತಾ ನಿಂತ್ಕತು. ಊರೋರೆಲ್ಲ ಚೌಡಯ್ಯನ ಕೈಗುಣ ಅಂತಾರೆ. ಆ ಕೈ ಎಲ್ಲಿಕ್ಕಳ್ಲಿ ಯೋಳಿ?"

ತಮ್ಮ ಸೀರೆ ಉಟ್ಟು ಕರೆಯುವ ಉಪಾಯ ಆಸ್ಪತ್ರೆಯಿಂದ ಫೋನಿನಲ್ಲಿ ದೊಡ್ಡತಾಯಮ್ಮನವರೇ ಹೇಳಿದ್ದು. ಬೇರೆ ಮನೆ ಹೆಂಗಸಿನ ಸೀರೆ ಹಾಗೇ ಉಡುವುದು ಮರ್ಯಾದೆಯಲ್ಲವೆಂದು ಚೌಡಯ್ಯ ಅದನ್ನು ಸೋಪು ಹಾಕಿ ತಿಕ್ಕಿ ಒಗೆದು ತಂದರು. ಎಮ್ಮೆ ಮತ್ತೆ ಒದ್ದಿತು.

"ಥೂ ಪೆದ್ದ! ವಾಸ್ನೆ ನೋಡಿ ಅಲ್ವೇನ್ಲಾ ಅದು ಹಾಲು ಬುಡೋದು!" ಫೋನಿನಲ್ಲೇ ಬೈಗುಳ ಬಂತು. ಪ್ರಮೀಳಾ ಆಸ್ಪತ್ರೆಯಿಂದ ಬಂದ ಬಟ್ಟೆಗಂಟಿನಿಂದ ಅತ್ತೆಯ ಒಗೆಯದ ಹಸಿರು ಸೀರೆ ತಂದುಕೊಟ್ಟಳು. ಅಂದೇ ಮೂರು ಲೀಟರು. ಸಂತೆಯ ಮಾತು ನಿಂತಿತು.

ಸೀರೆ ಕಂಡು ಊರು ನಗುವುದಕ್ಕೆ ಚೌಡಯ್ಯನವರಿಗೆ ನಾಚಿಕೆಯಿಲ್ಲ. ಎಮ್ಮೆಯ ಬೆನ್ನ ಮೇಲೆ ಉಳಿದ ಬಾಸುಂಡೆಗೆ ದಿನವೂ ಅರಿಶಿನ ಎಣ್ಣೆ ಹಚ್ಚುವಾಗ ಮಾತ್ರ ಯಾರೂ ನೋಡದಿರಲೆಂದು ಗೋಡೆಯ ಕಡೆ ತಿರುಗುತ್ತಾರೆ. ಪ್ರಮೀಳಾ ಎಣ್ಣೆಯ ಬಟ್ಟಲನ್ನು ಸದ್ದಿಲ್ಲದೆ ಪಕ್ಕದಲ್ಲಿಟ್ಟು ಹೋಗುತ್ತಾಳೆ. ಏಟಿನ ವಿಷಯವನ್ನು ಅತ್ತೆಗೆ ಅವಳು ಹೇಳಿಲ್ಲ. "ಆ ಹೆಣ್ಮಗ ಮುಚ್ಚಿಕ್ಕಂಡೈತಲ್ಲ, ಅದೇ ಇನ್ನೂ ಚುಚ್ತದೆ," ಎನ್ನುತ್ತಾರೆ ಚೌಡಯ್ಯ.

ದೊಡ್ಡತಾಯಮ್ಮ ಗುರುವಾರ ಮನೆಗೆ ಬರುತ್ತಾರೆ.

"ಬಂದೇಟ್ಗೆ ಎಮ್ಮೆ ಮೈ ಸವರ್ತಾರೆ, ಬಾಸುಂಡೆ ಕೈಗೆ ಸಿಕ್ಕೇ ಸಿಕ್ತದೆ. ಅದ್ಕೂ ಮುಂಚೆ ನಾನೇ ಯೋಳ್ಬುಡ್ಬೇಕು. ಬೈಲಿ, ಎಷ್ಟಾದ್ರೂ ಬೈಲಿ. ಬೈದಾದ್ಮೇಲೆ, 'ಸಾಯಂಕಾಲ ಬಂದು ಕರಕೊಟ್ಟೋಗು ಕಣ್ಲಾ' ಅಂದ್ಬುಟ್ರೆ ಸಾಕು ನಂಗೆ."