ಸೂರ್ಯನ ಪಾಠ ಮಾಡಿದ ಕಾಕು

ಹೋದ ಭಾನುವಾರ ಕೊಂಡಾಪುರದ ನಮ್ಮ ಫ್ಲ್ಯಾಟಿನಲ್ಲಿ ಗ್ಯಾಸ್ ಒಲೆಗೆ ಚೂರು ಗೋಧಿಹಿಟ್ಟು ಬಿದ್ದು ಕರಕಲಾಯಿತು. ಆ ವಾಸನೆಗೆ ಇದೇ ಊರಿನ ಸುಲ್ತಾನ್ ಬಜಾರಿನಲ್ಲಿ ನಾವು ಹಿಂದೆ ಇದ್ದ ವಠಾರ, ಪಕ್ಕದ ಮನೆಯ ಕಾಕು ನೆನಪಾದರು... ಇದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನು ಸೇರಿಸಿಕೊಂಡದ್ದೆಷ್ಟು, ಆಣೆ ಮಾಡಿ ಹೇಳಲಾರೆ.

ಕಾಕು ಗುಲಬರ್ಗಾ ಕಡೆಯವರು. ಹುಡುಗಿಯರ ಶಾಲೆಯೊಂದರ ಕನ್ನಡ ವಿಭಾಗದಲ್ಲಿ ಹಂಗಾಮಿ ವಿಜ್ಞಾನ ಶಿಕ್ಷಕಿ. ಕಾಕಾ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದದ್ದು ಆ ಸಂಬಳದಿಂದ. ಇನ್‌ಸ್ಪೆಕ್ಟರರ ಎದುರು ಒಂದು ಪಾಠ ಮಾಡಿ ತೋರಿಸಬೇಕಿತ್ತು. ಒಪ್ಪಿಗೆಯಾದರೆ ನೌಕರಿ ಕಾಯಂ. ಅವರು ಆರಿಸಿಕೊಂಡದ್ದು ಬೈಜಿಕ ಸಮ್ಮಿಲನ. ನಾನಾಗ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ತಾಲೀಮಿಗೆ ನಾನು, ಅವರ ಅತ್ತೆ, ಇಬ್ಬರೇ ತರಗತಿ.

ಚಪಾತಿ ಮಾಡುತ್ತಲೇ ಪಾಠ. ಹಿಟ್ಟಿನ ನಾಲ್ಕು ಗುಂಡುಗಳೆಂದರೆ ನಾಲ್ಕು ಹೈಡ್ರೋಜನ್ ಪರಮಾಣುಗಳ ಬೀಜಗಳು. ಒಂದನ್ನೊಂದು ದೂಡುವ ಅವು ಸೂರ್ಯನ ಒಡಲಿನ ಶಾಖ, ಒತ್ತಡಗಳಲ್ಲಿ ಹಂತಹಂತವಾಗಿ ಕೂಡಿ ಒಂದು ಹೀಲಿಯಂ ಆಗುತ್ತವೆ. ಆದರೆ ಅದರ ತೂಕ ನಾಲ್ಕರ ಮೊತ್ತಕ್ಕಿಂತ ತುಸು ಕಡಿಮೆ. ಕಾಕು ಗುಂಡುಗಳನ್ನು ಒತ್ತಿ ಒಂದು ಮಾಡಿ, ದಿನಾ ಅಡುಗೆಗೆ ಮೊದಲು ಅಗ್ನಿಗೆ ಆಹುತಿ ಕೊಡುವ ಹಾಗೆ, ಒಂದು ಚಿಮುಟು ಹಿಟ್ಟನ್ನು ಒಲೆಗೆ ಹಾಕಿದರು.

"ಕಡಿಮಿ ಆಗಿದ್ದು ಇಷ್ಟು. ಇದೇ ನಮ್ಮ ಬಿಸಲು."

"ಅಷ್ಟು ದೊಡ್ಡದಲ್ರಿ ಕಾಕು," ಎಂದೆ. "ನೂರರಾಗ ಒಂದು ಪಾಲೂ ಇರಂಗಿಲ್ಲ."

"ಇದಕ್ಕಿಂತ ಸಣ್ಣಾಗಿ ಚಿಮುಟಲಿಕ್ಕೆ ನಿಮ್ಮ ಯೂನಿವರ್ಸಿಟ್ಯಾಗ ಕೈಬಟ್ಟು ಸಣ್ಣವು ಇರ್ತಾವೇನಪಾ?"

ಸೂರ್ಯನಲ್ಲಿ ಏನೂ ಸುಡುವುದಿಲ್ಲ, ಒಲೆ ತೋರಿಸಿದರೆ ಹುಡುಗಿಯರು ತಪ್ಪು ತಿಳಿಯುತ್ತಾರೆ ಎಂದೂ ಹೇಳಿದೆ. ಕಾಕು ಯೋಚನೆಗೆ ಬಿದ್ದರು. ಅತ್ತೆಯ ಗೊಣಗಾಟವೇ ಬೇರೆ. "ಅಗ್ನಿಗೆ ಕೊಟ್ಟಿದ್ದು ಎಲ್ಲಿ ಹೋತಂತ ಕೇಳಬಾರದು."

"ಇನ್‌ಸ್ಪೆಕ್ಟರ್ ಕೇಳ್ತಾರಲ್ರಿ, ಅತ್ತಿ," ಎಂದರು ಕಾಕು.

ಪಾಠದ ದಿನ ಸಂಜೆ ಮೆಟ್ಟಿಲ ಮೇಲೆ ಸಿಕ್ಕರು. ಏನಾಯಿತೆಂದು ಕೇಳಿದೆ.

"ಪಾಠ ಭಾಳ ಚಲೋ ಆತಂತ. ಆದ್ರ ಬರೋ ವರ್ಷ ಕನ್ನಡ ಕ್ಲಾಸೇ ಇರಂಗಿಲ್ಲಂತ. ಮೊದಲ ಹೇಳಿದ್ರ ಹಿಟ್ಟಾದ್ರೂ ಉಳೀತಿತ್ತು."

ಹೀಗೆಂದು ನಕ್ಕರು ಅಂತ ನನ್ನ ನೆನಪು... ನಕ್ಕಿರಲಿಕ್ಕಿಲ್ಲ. ಬೇಸಿಗೆಯಲ್ಲಿ ಅತ್ತೆಯನ್ನು ಕರೆದುಕೊಂಡು ಗುಲಬರ್ಗಾಕ್ಕೆ ಹೋದರು. ಮತ್ತೆ ಯಾವ ಶಾಲೆಯಲ್ಲೂ ಕಲಿಸಲಿಲ್ಲವಂತೆ. ಈಗ ಅವರಿಲ್ಲ ಎಂಬುದೂ ನನಗೆ ತಿಳಿದದ್ದು ತೀರ ತಡವಾಗಿ, ಯಾರದೋ ಮದುವೆಯ ಊಟದ ಸಾಲಿನಲ್ಲಿ.

ಅಂದು ಅವರು ಕೊನೆಗೂ ಹೇಗೆ ಪಾಠ ಮಾಡಿದರೋ ನಾನು ಕಂಡಿಲ್ಲ. ಕಂಡ ಹುಡುಗಿಯರು ಈ ಊರಿನಲ್ಲೇ ಎಲ್ಲೋ ಇರಬೇಕು. ಅವರಲ್ಲಿ ಒಬ್ಬರ ಪರಿಚಯವೂ ನನಗಿಲ್ಲ.